ಗಾಳಿ ಹೋಯ್ತಾ ಮೇಡಂ?

ಹೊಟ್ಟೆ ಆಪರೇಷನ್ ಆದವರ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ದುಡಿದ ನರ್ಸಮ್ಮನನ್ನು ಎಲ್ಲರೂ ಕರೆಯುವುದು ಕರುಳಕ್ಕ ಎಂದೇ. ಬೆಳಿಗ್ಗೆ ಬಂದವಳೇ ಒಂದೊಂದು ಮಂಚದ ಮುಂದೂ ಡಂಗುರ ಸಾರುವ ಗಂಟಲಲ್ಲಿ ಕೇಳುತ್ತಾಳೆ: "ಗಾಳಿ ಹೋಯ್ತಾ?" ಹೋಯ್ತು ಎಂದವರಿಗೆ ವಾರ್ಡೆಲ್ಲ ಚಪ್ಪಾಳೆ. ನಗಬೇಡಿ. ಡಾಕ್ಟರ ಕೈ ತಾಗಿದ ಕರುಳು ಮುನಿಸಿಕೊಂಡು ಮಲಗಿಬಿಡುತ್ತದೆ. ತಿಂದದ್ದನ್ನು ಹಿಂಡಿ ಹಿಂಡಿ ಮುಂದಕ್ಕೆ ತಳ್ಳುವ ಕೆಲಸವನ್ನೇ ನಿಲ್ಲಿಸುತ್ತದೆ. ಗಾಳಿ ಹೋದರೆ ಅದು ಎದ್ದಿತು ಎಂದು ಲೆಕ್ಕ. ಅಲ್ಲಿಯವರೆಗೆ ತೊಟ್ಟು ನೀರೂ ಇಲ್ಲ.

ಆರನೇ ಮಂಚದ ನಿವೃತ್ತ ಟೀಚರಮ್ಮನದು ಕತ್ತರಿಸಿ ಹೊಲಿದ ಕರುಳು. ಐದು ದಿನದಿಂದಲೂ ಅವರದು ಒಂದೇ ಉತ್ತರ: "ಇಲ್ಲ." ಸಂಜೆಯೊಳಗೆ ಹೋಗದಿದ್ದರೆ ಹೊಟ್ಟೆಯನ್ನು ಮತ್ತೆ ತೆರೆಯಬೇಕಾದೀತು ಎಂದು ಡಾಕ್ಟರು ಹೇಳಿಹೋದರು. ಪಕ್ಕದಲ್ಲಿದ್ದ ಮಗಳ ಮುಖ ಬಾಡಿತು.

ಕರುಳಕ್ಕನಿಗೆ ಯಾಕೋ ಅನುಮಾನ. ಹೊಟ್ಟೆ ಮುಟ್ಟಿದರೆ ಮೆತ್ತಗಿದೆ. ಸ್ಟೆತಸ್ಕೋಪ್ ಇಟ್ಟರೆ ಒಳಗೆ ಗುಳುಗುಳು, ಗೊರಗೊರ, ಮದುವೆಮನೆಯ ಗದ್ದಲ! ಪರದೆ ಎಳೆದು ಕಿವಿಯ ಹತ್ತಿರ ಬಗ್ಗಿದಳು.

"ಮೇಡಂ, ನಿಜ ಹೇಳಿ. ಹೋಗಿದೆ ಅಲ್ವಾ?"

ಟೀಚರಮ್ಮ ಫ್ಯಾನಿನ ಕಡೆ ನೋಡಿದರು. "ಮೊನ್ನೆಯಿಂದ ಹೋಗ್ತಾನೇ ಇದೆ ಕಣಮ್ಮ."

"ಅಯ್ಯೋ! ಹೇಳಬಾರದಿತ್ತಾ?"

"ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟೋಳು ನಾನು. ಪಾಠದಲ್ಲಿ ದೊಡ್ಡ ಕರುಳು ಬರ್ತಿದ್ದ ಹಾಗೇ ಪುಸ್ತಕ ಮುಚ್ತಿದ್ದೆ, ಮಕ್ಕಳು ನಗ್ತಾರೆ ಅಂತ. ಇಲ್ಲಿ ನೋಡಿದ್ರೆ ಚಪ್ಪಾಳೆ ಬೇರೆ!"

ಕರುಳಕ್ಕನಿಗೆ ಈಗ ಅರ್ಥವಾಯಿತು. ಎರಡು ದಿನ ಈ ತಾಯಿಯ ಗಂಟಲು ಒಣಗಿಸಿದ್ದು ತನ್ನದೇ ಗಂಟಲು. ಇನ್ನು ಮೇಲೆ ಕಿವಿಯಲ್ಲೇ ಕೇಳುತ್ತೇನೆ ಎಂದು ಮನಸ್ಸಿನಲ್ಲೇ ಕಿವಿ ಹಿಂಡಿಕೊಂಡು ಡಾಕ್ಟರನ್ನು ಕರೆತರಲು ಓಡಿದಳು. ಅವರು ಬಂದರು, ಒತ್ತಿ ನೋಡಿದರು, ಕೇಳಿಸಿಕೊಂಡರು, ನಾಲ್ಕು ಚಮಚ ನೀರು ಕೊಡಿ ಎಂದರು.

ಮಗಳು ಚಮಚ ಹಿಡಿದು ಕೇಳಿದಳು, "ಅಮ್ಮಾ, ನನಗಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ನಗ್ತಿದ್ದೆ."

ಐದು ದಿನ ಅಳು ನುಂಗಿಕೊಂಡಿದ್ದ ಮಗಳು ಈಗ ನಕ್ಕೇಬಿಟ್ಟಳು, ಕಣ್ಣಲ್ಲಿ ನೀರು ಸುರಿಯುವಷ್ಟು. "ನಗಿಸ್ಬೇಡ ಕಣೇ, ಹೊಲಿಗೆ ನೋಯುತ್ತೆ!" ಎನ್ನುತ್ತಲೇ ಟೀಚರಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನ ರಭಸಕ್ಕೆ, ಪರದೆಯಾಚೆಗೂ ಕೇಳುವಂತೆ, ಒಂದು ಹೋಯಿತು.

ವಾರ್ಡು ಗಪ್‌ಚಿಪ್. ಟೀಚರಮ್ಮ ಕರುಳಕ್ಕನ ಕಡೆ ತಿರುಗಿ, ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿಯಲ್ಲಿ ಹೇಳಿದರು:

"ಬರ್ಕೊಳಮ್ಮಾ, ಹೋಯ್ತು!"