ಸಾಹೇಬರ ಕೊರಕಲು

ಮಳೆ ಬಂದು ನಿಂತ ಕೂಡಲೇ ನಾನು ಸ್ಟೀಲಿನ ಲೋಟ ಹಿಡಿದು ಮನೆಯ ಮುಂದಿನ ಚರಂಡಿಯ ಹತ್ತಿರ ಹೋಗಿ ಕೂರುತ್ತೇನೆ. ರಂಗಂಪೇಟೆಯ ನಮ್ಮ ಓಣಿಯವರು ನೋಡಿ ನೋಡಿ ಸುಮ್ಮನಾಗಿದ್ದಾರೆ. ನನ್ನ ಹೆಂಡತಿ ಮಾತ್ರ ಇನ್ನೂ ಆಗಿಲ್ಲ. ಇವತ್ತೂ ಬಾಗಿಲಲ್ಲಿ ನಿಂತು, “ನಾಳಿ ಅದ ಲೋಟದಾಗ ನಿಮಗ ಚಾ ಕೊಡ್ತೀನಿ ನೋಡ್ರಿ,” ಎಂದಳು. ಓಣಿಯ ಹಿಂದಿನ ಗುಡ್ಡದಿಂದ ಇಳಿದು ಬಂದ ನೀರು ಇಟ್ಟಿಗೆಯ ಬಣ್ಣಕ್ಕಿತ್ತು. ಲೋಟ ತುಂಬಿಸಿ ಕಟ್ಟೆಯ ಮೇಲಿಟ್ಟೆ. ಸಂಜೆಯ ಹೊತ್ತಿಗೆ ಮಣ್ಣು ತಳ ಸೇರಿ ನೀರು ತಿಳಿಯಾಗುತ್ತದೆ. ಆಗ ಬೆರಳು ಹಚ್ಚಿ ಎಷ್ಟು ಕೂತಿದೆ ಎಂದು ನೋಡುವುದು. ನೋಡಿ ಏನು ಮಾಡುತ್ತೀರಿ ಎಂದು ಕೇಳಬೇಡಿ. ಏನೂ ಮಾಡುವುದಿಲ್ಲ. ವಯಸ್ಸಾದವರು ಬಿ.ಪಿ. ನೋಡಿಸಿಕೊಳ್ಳುತ್ತಾರಲ್ಲ, ಹಾಗೆ ನಾನು ಇದನ್ನು ನೋಡುತ್ತೇನೆ.

ಈ ಚಾಳಿ ಅಂಟಿಸಿದವನು ಕುರಿ ಕಾಯುವ ನಿಂಗಪ್ಪ. ತಿಂಥಣಿ ರಸ್ತೆಯ ಪಕ್ಕದ ಒಂದು ಹಳ್ಳಿ ಅವನದು. ಊರ ಹಿಂದೆ ಒಂದು ಬೋಳು ಗುಡ್ಡ, ಅದರ ಇಳಿಜಾರೇ ಊರ ದನ, ಕುರಿ ಎಲ್ಲ ಮೇಯುವ ಗೈರಾಣ. ಮೊದಲ ಮಳೆ ಹರಿದಾಗ ನಿಂಗಪ್ಪ ಒಂದು ತಂಬಿಗೆ ನೀರು ಹಿಡಿದು ಕಟ್ಟೆಯ ಮೇಲಿಡುತ್ತಿದ್ದ. ತಳದಲ್ಲಿ ಒಂದು ಬೆರಳು ಮಣ್ಣು ಕೂತರೆ ಆ ವರ್ಷ ಹುಲ್ಲು ಬರುತ್ತದೆ, ಕುರಿ ಊರಲ್ಲೇ ಇರುತ್ತವೆ. ಎರಡು ಬೆರಳಾದರೆ ಮಂದಿ ಕಂಬಳಿ ಗಂಟು ಕಟ್ಟಿಕೊಂಡು, ಕುರಿ ಹೊಡೆದುಕೊಂಡು ಹೊಳೆಯ ಆಚೆ ಹೋಗಬೇಕು.

ನಾನು ಆಗ ಮಣ್ಣು, ನೀರು ಉಳಿಸುವ ಸರ್ಕಾರಿ ಕೆಲಸದಲ್ಲಿದ್ದೆ. ಹೀಗೆ ಹೇಳಿದರೆ ದೊಡ್ಡ ಹುದ್ದೆ ಅನ್ನಿಸುತ್ತದೆ. ಹಗ್ಗ ಹಿಡಿಸಿ ಸುಣ್ಣದ ಪುಡಿ ಉದುರಿಸುವುದು, ಕೂಲಿಯವರಿಂದ ಆ ಗೆರೆಯ ಮೇಲೆ ತೆಗ್ಗು ತೋಡಿಸುವುದು, ಅಷ್ಟೇ ಕೆಲಸ. ಆದರೂ ಹಳ್ಳಿಯವರ ಬಾಯಲ್ಲಿ ನಾನು ಸಾಹೇಬ. ತಲೆಗೆ ಹ್ಯಾಟು ಬೇರೆ ಇತ್ತು.

ಗುಡ್ಡದ ಅಡ್ಡಕ್ಕೆ ಉದ್ದುದ್ದ ತೆಗ್ಗು ತೋಡಿದರೆ ಹರಿಯುವ ನೀರು ಅಲ್ಲೇ ನಿಂತು ಇಂಗುತ್ತದೆ. ಆದರೆ ತೆಗ್ಗು ಈ ತುದಿಯಿಂದ ಆ ತುದಿಗೆ ಸಮ ಇರಬೇಕು. ಒಂದು ತುದಿ ಗೇಣು ತಗ್ಗಾದರೂ ನೀರೆಲ್ಲ ಆ ಕಡೆ ಓಡಿ, ಒಡ್ಡು ಒಡೆದು, ಒಂದೇ ಜಾಗದಲ್ಲಿ ಧುಮುಕುತ್ತದೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಪರೀಕ್ಷೆ ಬರೆದು ಪಾಸಾದವನು ನಾನು. ಸಮ ನೋಡುವ ನೀರಿನ ಪೈಪೂ ಜೀಪಿನಲ್ಲಿತ್ತು. ಆದರೆ ಸಮ ಹಿಡಿದು ಹೋದರೆ ಗೆರೆ ಗುಡ್ಡದ ಮೈ ಬಳಸಿಕೊಂಡು ಅಂಕುಡೊಂಕಾಗುತ್ತದೆ. ಮೇಲಿನವರು ತಪಾಸಣೆಗೆ ಬಂದರೆ ಬಿಸಿಲಿಗೆ ಗುಡ್ಡ ಹತ್ತುವವರಲ್ಲ, ರಸ್ತೆಯಲ್ಲೇ ಜೀಪು ನಿಲ್ಲಿಸಿ ನೋಡುವವರು. ರಸ್ತೆಯಿಂದ ನೋಡಿದರೆ ಗೆರೆ ನೆಟ್ಟಗೆ ಕಾಣಬೇಕು ಎಂಬ ಆಸೆ ನನಗೆ. ಕಣ್ಣಳತೆಯಲ್ಲೇ ಹಗ್ಗ ಎಳೆಸಿದೆ.

ನಿಂಗಪ್ಪ ಕೋಲಿಗೆ ಗದ್ದ ಊರಿ ನೋಡುತ್ತಿದ್ದವನು ಹತ್ತಿರ ಬಂದ. “ಸಾಹೇಬ್ರ, ಕುರಿ ತುಳದ ದಾರಿ ನೋಡ್ರಿ. ಕುರಿ ಮೇಯುವಾಗ ಏರಂಗಿಲ್ಲ, ಇಳಿಯಂಗಿಲ್ಲ, ಸಮ ಹಿಡದು ನಡೀತಾವ. ಅದರ ಮ್ಯಾಲ ಸುಣ್ಣ ಹಾಕ್ರಿ.”

ಇಳಿಜಾರಿನ ಮೇಲೆ, ಹೌದು, ಸಣ್ಣ ಸಣ್ಣ ಜಾಡುಗಳಿದ್ದವು, ಒಂದರ ಕೆಳಗೊಂದು. ತಲೆತಲಾಂತರದ ಕುರಿಗಳು ನನ್ನ ಕೆಲಸ ಮಾಡಿಟ್ಟಿದ್ದವು. ನಾನು ಕೂಲಿಯವರ ಕಡೆ ತಿರುಗಿ, “ಇನ್ನು ಕುರಿ ಕಡಿಂದ ಸರ್ವೇ ಕಲೀಬೇಕ್ನೋಡ್ರಪ್ಪಾ,” ಎಂದೆ. ಅವರು ನಕ್ಕರು. ನಿಂಗಪ್ಪನೂ ನಕ್ಕ. ಆ ನಗು ನೆನಪಾದರೆ ಈಗಲೂ ಮೈ ಹಿಡಿಯಾಗುತ್ತದೆ.

ತಪಾಸಣೆಗೆ ಬಂದವರು ರಸ್ತೆಯಲ್ಲೇ ನಿಂತು “ಭೇಷ್” ಎಂದರು. ಮಳೆಗಾಲಕ್ಕೆ ಮುಂಚೆ ನನಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಆಮೇಲೆ ಏನಾಯಿತು ಎಂದು ನಾನು ಕೇಳಲಿಲ್ಲ. ಕೇಳದೆ ಇರುವುದೂ ನೌಕರಿಯಲ್ಲಿ ಕಲಿಯುವ ಒಂದು ವಿದ್ಯೆ.

ಈಗ ನಿವೃತ್ತಿಯಾಗಿದೆ. ಈ ಬೇಸಿಗೆಯಲ್ಲಿ ತಿಂಥಣಿ ಮೌನೇಶ್ವರನಿಗೆ ಕಾಯಿ ಒಡೆಸಿ ಬಸ್ಸಿನಲ್ಲಿ ಬರುತ್ತಿದ್ದೆವು. ಕಿಟಕಿಯಲ್ಲಿ ಆ ಗುಡ್ಡ ಕಂಡಿತು. ನೆತ್ತಿಯಿಂದ ಬುಡದವರೆಗೆ ಸೀಳಿದಂತೆ ಒಂದು ಕೊರಕಲು. ಹೆಂಡತಿಗೆ ನೀ ನಡಿ ಎಂದು ಹೇಳಿ ಇಳಿದುಬಿಟ್ಟೆ. ಗೈರಾಣದಲ್ಲಿ ಹುಲ್ಲಿರಲಿಲ್ಲ, ಗರಸು ಕಲ್ಲು, ಮಧ್ಯೆ ಕುರಿ ಮೂಸಿಯೂ ನೋಡದ ತಂಗಡಿ ಗಿಡ. ಹತ್ತಿಪ್ಪತ್ತು ಕುರಿಗಳ ಹಿಂದೆ ಒಬ್ಬ ಹೆಣ್ಣುಮಗಳು ನಿಂತಿದ್ದಳು. ನಿಂಗಪ್ಪ ಇದ್ದಾನೇನವ್ವ ಎಂದೆ. ಅವಳು ಅವನ ಸೊಸೆ ದೇವಮ್ಮ.

“ಮಾವಾರು ಬೇವಿನ ಗಿಡದ ಬುಡಕ ಕುಂತಾರ್ರಿ. ಸಾಹೇಬ್ರ ಕೊರಕಲ ದಾಟಿ ಹೋಗ್ರಿ.”

“ಯಾವ ಸಾಹೇಬ್ರು?”

“ಯಾರಿಗೆ ಗೊತ್ರಿ? ನಾ ಮದುವ್ಯಾಗಿ ಬರೋದ್ರಾಗ ಅದಕ್ಕ ಅದ ಹೆಸರಿತ್ತು.”

ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಕೊರಕಲಿಗೆ ಇಳಿದೆ. ಎರಡಾಳು ಆಳ. ಮೇಲೆ ನೋಡಿದರೆ ನಾನು ತೋಡಿಸಿದ ತೆಗ್ಗುಗಳ ಇಳಿದ ತುದಿಗಳೆಲ್ಲ ಅದರ ದಡಕ್ಕೇ ಬಂದು ಮುಟ್ಟಿದ್ದವು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ದಣಿವಾಯಿತು.

ನಿಂಗಪ್ಪನಿಗೆ ಕಣ್ಣು ಮಂಜಾಗಿದೆ. ದನಿ ಕೇಳಿ ಗುರುತು ಹಿಡಿದ. ನಾನು ತಪ್ಪಾಯಿತು ಎಂದೆ, ತಡವರಿಸುತ್ತಾ. ಬೈದಿದ್ದರೆ ಹಗುರಾಗುತ್ತಿತ್ತು.

“ನೀರಿಗೇನು ನಿಮ್ಮ ಮ್ಯಾಲ ಸಿಟ್ಟಿತ್ತೇನ್ರಿ? ನೀವು ತೋರಿಸಿದ ಹಾದಿ ಹಿಡೀತು, ಅಷ್ಟ. ವರ್ಷಾ ಹೊಳಿ ಆಚಿ ಹೋಗೋದು ನಮಗೂ ರೂಢಿ ಆಗ್ಯಾದ. ಈಗ ನನ್ನ ಕಾಲು ಬರಂಗಿಲ್ಲ. ಸೊಸಿ ಒಬ್ಬಾಕೀನ ಹ್ಯಾಂಗ ಕಳಿಸ್ಲಿ?” ಎಂದು ಕೋಲನ್ನು ಗುಡ್ಡದ ಕಡೆ ಎತ್ತಿದ. ಆಮೇಲೆ, “ಕೊರಕಲ ಮ್ಯಾಗಿನ ತುದೀಗೆ ಕಲ್ಲು ಒಟ್ಟರಿ. ತುದಿ ನಿಂತ್ರ ಉಳದದ್ದು ನಿಲ್ತದ,” ಎಂದ.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಆ ಬುದ್ಧಿ ಹೊತ್ತುಕೊಂಡು ಪ್ರತಿ ಐತವಾರ ಹೋದೆ. ದೇವಮ್ಮ ಹತ್ತು ಕಲ್ಲು ತರುವಷ್ಟರಲ್ಲಿ ನಾನು ಮೂರು ತರುತ್ತಿದ್ದೆ, ಅದರಲ್ಲೊಂದು ಕಾಲ ಮೇಲೆ ಬೀಳುತ್ತಿತ್ತು. ನಿಂಗಪ್ಪ ಕೂತಲ್ಲಿಂದಲೇ ಶಬ್ದ ಕೇಳಿ, ಕಲ್ಲು ಸರಿ ಕೂಡಲಿಲ್ಲ ಎಂದು ಹೇಳುತ್ತಿದ್ದ. ಬೇಸಿಗೆಯಲ್ಲೇ ಬಂದ ಮೊದಲ ಅಡ್ಡಮಳೆಗೆ ಅರ್ಧ ಕಟ್ಟು ಕೊಚ್ಚಿಹೋಯಿತು. ಮತ್ತೆ ಒಟ್ಟಿದೆವು, ಈ ಸಲ ಕುರಿಯ ಜಾಡಿನ ಮಟ್ಟ ಹಿಡಿದು.

ಲೋಟದ ನೀರು ಈಗ ತಿಳಿಯಾಗಿದೆ. ತಳದಲ್ಲಿ ಎರಡು ಬೆರಳು ಮಣ್ಣು, ಸ್ವಲ್ಪ ಹೆಚ್ಚೇ. ನೋಡುತ್ತಿರುವಾಗಲೇ ದೇವಮ್ಮನ ಫೋನು ಬಂತು. ಅಲ್ಲೂ ಭಾರೀ ಮಳೆಯಂತೆ.

“ಕಟ್ಟು ನಿಂತದ್ರಿ. ಕಲ್ಲಿನ ಹಿಂದ ನಾಕು ಬೆರಳು ಮಣ್ಣು ಕುಂತದ. ಮಾವಾರು ನನ್ನ ಹೆಗಲ ಹಿಡದು ಹತ್ತಿ, ಕೈಯಾಡಿಸಿ ನೋಡ್ಯಾರ.”

ಎರಡಾಳು ಆಳದ ಕೊರಕಲಿಗೆ ನಾಲ್ಕು ಬೆರಳು ಮಣ್ಣು. ಲೆಕ್ಕ ಹಾಕುವ ಧೈರ್ಯವಾಗಲಿಲ್ಲ. ಆದರೆ ಇಷ್ಟು ದಿನ ಹೇಳದೆ ಉಳಿಸಿಕೊಂಡಿದ್ದ ಮಾತು ಹೊರಗೆ ಬಂತು: “ದೇವಮ್ಮ, ಆ ಕೊರಕಲ ಸಾಹೇಬ ನಾನೇ ಅವ್ವ.”

ಆ ಕಡೆ ಅವಳು ಒಂದು ಕುರಿಯನ್ನು ಗದರಿಸಿ ಓಡಿಸಿದ್ದು ಕೇಳಿತು.

“ಗೊತ್ತದ್ರಿ. ನೀವು ಬಂದ ದಿನಾನ ಮಾವಾರು ಹೇಳ್ಯಾರ. ಐತಾರ ಲಗೂನ ಬರ್ರಿ, ಕಲ್ಲು ಇನ್ನಾ ಭಾಳ ಬೇಕು.”