ಉಚ್ಚಂಗಮ್ಮನ ಕೌದಿ ಗಂಟುಗಳು

ನಮ್ಮ ಅತ್ತೆ ಉಚ್ಚಂಗಮ್ಮ ಕೌದಿ ಹೊಲಿಯುವವರು. ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಉದ್ದನೆ ಸೂಜಿಯಿಂದ ಸಾಲುಸಾಲಾಗಿ ಹೊಲಿದು ಹೊದಿಕೆ ಮಾಡುವ ಕೆಲಸ. ಹುಟ್ಟಿದ್ದು ಕೊಕ್ಕನೂರಿನಲ್ಲಿ, ಬಾಳುವೆ ಮಾಡಿದ್ದು ಹರಿಹರದಲ್ಲಿ. ಮಾವ ಕಾರ್ಖಾನೆಗೆ ಹೊರಟ ಮೇಲೆ ಬಾಗಿಲ ಮುಂದೆ ಚಾಪೆ ಹಾಸಿ ಕೂತರೆ ದೀಪ ಹಚ್ಚುವ ತನಕ ಏಳುತ್ತಿರಲಿಲ್ಲವಂತೆ. ಆ ಓಣಿಯ ಯಾವ ತಾಯಿಯನ್ನು ಕೇಳಿದರೂ, ಕೂಸನ್ನು ಮೊದಲು ಮಲಗಿಸಿದ್ದು ಉಚ್ಚಂಗಮ್ಮನ ಕೌದಿಯ ಮೇಲೆ ಎನ್ನುತ್ತಾಳೆ. ಮಾವ ತೀರಿಕೊಂಡ ಮೇಲೆ ಅತ್ತೆ ದಾವಣಗೆರೆಗೆ ನಮ್ಮ ಮನೆಗೆ ಬಂದರು. ಅವರ ಹಿಂದೆಯೇ ಗಂಟುಗಳೂ ಬಂದವು.

ಕೌದಿ ಬೇಕಾದವರು ತಮ್ಮ ಮನೆಯ ಬಟ್ಟೆಯನ್ನೇ ಕೊಡಬೇಕು. ತೀರಿಹೋದ ಅಜ್ಜಿಯ ಸೀರೆ, ಅಪ್ಪನ ಪಂಚೆ, ಮಕ್ಕಳ ಲಂಗ, ಎಲ್ಲವನ್ನೂ ಆ ಮನೆಯದೇ ಒಂದು ಸೀರೆಯಲ್ಲಿ ಗಂಟು ಕಟ್ಟಿ ಕೊಡುತ್ತಾರೆ. ಮದುವೆಗೋ ಸೀಮಂತಕ್ಕೋ ಹರಿಹರದ ಕಡೆ ಹೋದಾಗಲೆಲ್ಲ ಅತ್ತೆ ಒಂದು ಗಂಟು ಹೊತ್ತು ತರುತ್ತಿದ್ದರು. ಹೊಲಿಯುವುದನ್ನು ಮಾತ್ರ ನಾನು ಕಂಡಿರಲಿಲ್ಲ. ಬೇಸಿಗೆಯಲ್ಲಿ ಕೇಳಿದರೆ, "ಈ ಸೆಕೆಯಾಗೆ ಕೌದಿ ಯಾರು ಮುಟ್ತಾರೆ, ಚಳಿಗಾಲ ಬರ್ಲಿ" ಎನ್ನುವರು. ಚಳಿಗಾಲ ಬಂದರೆ ಬೆರಳು ಮರಗಟ್ಟುತ್ತವೆ ಎನ್ನುವರು. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಅಟ್ಟ ತುಂಬಿತು, ಮಂಚದ ಅಡಿ ತುಂಬಿತು, ಕೊನೆಗೆ ಮಗಳು ಮಲಗುವ ಮೂಲೆಗೂ ಗಂಟುಗಳು ಬಂದು ಕೂತವು.

ಮಗಳು ಧಾತ್ರಿಗೆ ಮೂರು ವರ್ಷ. ಈ ಸಲ ದೀಪಾವಳಿ ಕಳೆಯುತ್ತಲೇ ಅವಳಿಗೆ ಉಬ್ಬಸ ಹಿಡಿಯಿತು. ಉಸಿರೆಳೆದಾಗಲೆಲ್ಲ ಎದೆಯೊಳಗೆ ಸಣ್ಣಗೆ ಸೀಟಿ ಊದಿದ ಸದ್ದು. ಆ ಸದ್ದು ನನ್ನ ಕಿವಿಯಲ್ಲಿ ಎಷ್ಟು ಕೂತಿದೆಯೆಂದರೆ, ಪಕ್ಕದ ಮನೆಯ ಕುಕ್ಕರ್ ಕೂಗಿದರೂ ನಾನು ಓಡಿ ಬಂದು ಅವಳ ಎದೆಗೆ ಕಿವಿ ಇಡುತ್ತೇನೆ. ಡಾಕ್ಟರು ಮನೆಯಲ್ಲಿ ಏನೇನಿದೆ ಎಂದು ವಿಚಾರಿಸಿದರು. ಗಂಟುಗಳ ವಿಷಯ ಕೇಳುತ್ತಲೇ, "ಮೊದಲು ಅದನ್ನೆಲ್ಲ ಹೊರಗೆ ಹಾಕಿ. ಹಳೇ ಬಟ್ಟೆ ದೂಳಿಗೇ ಮಗು ಹಿಂಗಾಗಿರಬಹುದು" ಎಂದರು.

ಮರುದಿನವೇ ಒಂದು ಗಂಟು ಎತ್ತಿಕೊಂಡು ಕಸದ ಗಾಡಿಗೆ ಹಾಕಲು ಹೊರಟೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಮಂದಿ ಮನೆ ಬಟ್ಟೆ ಅದು. ಕಸಕ್ಕೆ ಹಾಕಾಕೆ ನೀನ್ಯಾರವ್ವ?"

"ಹಂಗಾದ್ರೆ ಅವರವರಿಗೆ ವಾಪಸ್ ಕೊಟ್ಟು ಬರೋಣ, ನಡೀರಿ ಅತ್ತೆ."

"ಸೂಜಿ ಮುಟ್ಟಿಸದ ಗಂಟು ವಾಪಸ್ ಕೊಡಂಗಿಲ್ಲ. ಆ ಮನೆಯಾಗೆ ತೊಟ್ಲು ಕಟ್ಟಲ್ಲ ಅಂತಾರೆ. ಒಂದು ಸಾಲಾದ್ರೂ ಹೊಲಿಗೆ ಬೀಳಬೇಕು. ಮುಂದಿಂದು ಅವರು ಯಾರ ಕೈಲಾದ್ರೂ ಹೊಲಿಸ್ಕಣ್ಲಿ."

ಇಂಥದ್ದನ್ನು ನಂಬುವವಳಲ್ಲ ನಾನು. ಆದರೆ ಮಗು ಮಲಗಿ ಏದುಸಿರು ಬಿಡುತ್ತಿರುವಾಗ ಇನ್ನೊಬ್ಬರ ಮನೆಯ ಕೂಸಿನ ಮಾತು ಬಂದರೆ ಹಟ ಹಿಡಿಯಲಾಗುವುದಿಲ್ಲ. ಒಪ್ಪಿಕೊಂಡೆ.

ಕಾರು ಇದ್ದವರಿಗೆ ಒಂದು ಭಾನುವಾರದ ಕೆಲಸ. ನಮ್ಮಲ್ಲಿರುವುದು ನನ್ನ ಗಂಡ ಗಿರೀಶರ ಬೈಕು. ಅದು ಊರಾಚೆಯ ಕರೂರಿನ ಫ್ಯಾಕ್ಟರಿಗೂ ಮನೆಗೂ ಓಡಾಡುವುದಕ್ಕೇ ಸರಿ. ಒಮ್ಮೆ ಅವರು ಹಿಂದಿನ ಸೀಟಿಗೆ ಗಂಟು ಬಿಗಿದುಕೊಂಡು ಹೋದರು. ದಾರಿಯಲ್ಲಿ ಕಟ್ಟು ಸಡಿಲಾಗಿ ಸೀರೆಯ ಸೆರಗು ಚಕ್ರಕ್ಕೆ ಸುತ್ತಿಕೊಂಡು, ಲಾರಿಯ ಮುಂದೆ ಬೀಳುವುದೊಂದು ಬಾಕಿ. ಅಂದಿನಿಂದ ಬೈಕು ಬೇಡವೆಂದೆ. ಲಗೇಜ್ ಆಟೋ ಕರೆಯೋಣವೆಂದರೆ ಒಂದು ಗಂಟು ಹರಿಹರದ್ದು, ಒಂದು ಕೊಕ್ಕನೂರಿನದು, ಇನ್ನೊಂದು ಕಡರನಾಯಕನಹಳ್ಳಿಯದು. ಹಾಗಾಗಿ ಬಸ್ಸೇ ಗತಿ. ಧಾತ್ರಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಅತ್ತೆಯೂ ನಾನೂ ಒಂದೊಂದು ಗಂಟು ಹೊತ್ತು ಹೊರಡುತ್ತಿದ್ದೆವು. ದಾರಿಯುದ್ದಕ್ಕೂ ನಾನು ಫೋನು ನೋಡುತ್ತಿದ್ದೆ.

"ಏನಜ್ಜೀ, ಬಂದಾಗೆಲ್ಲ ಒಂದು ಗಂಟು!" ಎಂದು ಕಂಡಕ್ಟರು ಕೆಣಕಿದ. "ಮನೆ ಖಾಲಿ ಮಾಡೀರೋ, ಸೊಸಿ ಕರ್ಕಂಡು ಓಡಿ ಹೊಂಟೀರೋ?"

"ಓಡಾಕೆ ಕಾಲಿದ್ದಿದ್ರೆ ನಿನ್ನ ಬಸ್ ಯಾಕ ಹತ್ತತಿದ್ದೆ? ಗಂಟು ಹಿಡಕ, ಮೊದ್ಲು ನಾನು ಕುಂಡ್ರಬೇಕು" ಎಂದರು ಅತ್ತೆ. ಬಸ್ಸಿಗೆ ಬಸ್ಸೇ ನಕ್ಕಿತು.

ಮನೆಯಲ್ಲಿ ಗಂಟು ಬಿಚ್ಚಿದರೆ ದೂಳು ಏಳುತ್ತದೆಂದು ಹೊಲಿಗೆಯೂ ಹೊರಗೇ ನಡೆಯುತ್ತಿತ್ತು. ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ, ಇಲ್ಲವೇ ಬಸ್ಸಿನ ಸೀಟಿನಲ್ಲಿ. ದಾರ ಪೋಣಿಸಿ ಕೊಡುವುದು ನನ್ನ ಪಾಲು. ವಯಸ್ಸಾದವರಿಗೆ ದಾರ ಪೋಣಿಸಲು ಆಗುವುದಿಲ್ಲ ಎಂದಷ್ಟೇ ಅಂದುಕೊಂಡಿದ್ದೆ.

ಗಂಟು ತೆಗೆದುಕೊಂಡವರೆಲ್ಲ ಸುಮ್ಮನೆ ತೆಗೆದುಕೊಳ್ಳಲಿಲ್ಲ. ಕಡರನಾಯಕನಹಳ್ಳಿಯ ಒಬ್ಬಾಕೆ ಹೊಲಿಗೆ ನೋಡಿ, "ಇಷ್ಟು ವರ್ಷ ಇಟ್ಕಂಡು ಒಂದೇ ಸಾಲಾ ಉಚ್ಚಂಗಕ್ಕ? ನಮ್ಮತ್ತಿ ಸೀರೆ ನಿಮ್ಮನೆಯಾಗೆ ಬಾಣಂತನ ಮಾಡಿಸ್ಕಣ್ತಿತ್ತೇನು?" ಎಂದಳು.

"ದಾವಣಗೆರೆ ಮಂದಿ ಕೈ ಬಿಡವಲ್ರವ್ವ. ಅವರ ಕೌದಿ ಹೊಲಿಯಾದ್ರಾಗೇ ಹೊತ್ತು ಹೋತು" ಎಂದರು ಅತ್ತೆ. ದಾವಣಗೆರೆಯಲ್ಲಿ ಅವರನ್ನು ಕೌದಿಗಾಗಿ ಕೇಳಿದವರು ಒಬ್ಬರೂ ಇರಲಿಲ್ಲ.

ಕೊನೆಯ ಗಂಟು ಹರಿಹರದ ಖತೀಜಾಬೀಯವರದು. ಅವರ ಸೊಸೆ ಸುಮೈರಾ ತುಂಬಿದ ಬಸುರಿ. ಅತ್ತೆ ಆ ಗಂಟನ್ನು ಬಸ್ಸಿನಲ್ಲೇ ತೊಡೆಯ ಮೇಲಿಟ್ಟುಕೊಂಡು ಹೊಲಿದರು, ದಾರವನ್ನು ಹಲ್ಲಿನಿಂದ ಕಚ್ಚಿ ಹರಿದು, ಗಂಟನ್ನು ಎದೆಗೆ ಅವಚಿಕೊಂಡೇ ಇಳಿದರು. ಖತೀಜಾಬೀಯವರ ಮನೆಯಲ್ಲಿ ಚಾಪೆಯ ಮೇಲೆ ಕೂತು, ಚಹಾ ಕುಡಿದು, ಹೊರಡಲು ಎದ್ದರು. ಅವರ ಜೊತೆ ಗಂಟೂ ಎದ್ದಿತು.

"ಅಜ್ಜೀ, ಗಂಟು ನಿಮ್ಮನ್ನ ಬಿಡಲ್ಲ ಅಂತೈತೆ!" ಸುಮೈರಾ ಹೊಟ್ಟೆ ಹಿಡಿದು ನಕ್ಕಳು.

ನಾನೂ ನಕ್ಕೆ. ಆಮೇಲೆ ಬಗ್ಗಿ ನೋಡಿದೆ. ಹೊಲಿಗೆ ಗಂಟಿನಿಂದ ಶುರುವಾಗಿ, ಸೊಟ್ಟಗೆ ಹರಿದು, ಅತ್ತೆ ಉಟ್ಟ ಸೀರೆಯ ನೆರಿಗೆಗಳನ್ನೆಲ್ಲ ಸೇರಿಸಿಕೊಂಡು ಮಂಡಿಯ ತನಕ ಹೋಗಿತ್ತು.

"ಬಸ್ಸು ಅಳ್ಳಾಡ್ತಿತ್ತು" ಎಂದರು ಅತ್ತೆ.

ಖತೀಜಾಬೀ ನಗಲಿಲ್ಲ. ಗಂಟಿನಿಂದ ಒಂದು ದುಪಟ್ಟಾ ಎಳೆದು ಅವರ ಮುಖದ ಹತ್ತಿರ ಹಿಡಿದರು. "ಅಕ್ಕಾ, ಇದು ಯಾವ ಬಣ್ಣ?"

ಅತ್ತೆ ಬೆರಳಿನಿಂದ ಅದನ್ನು ತಿಕ್ಕಿ ತಿಕ್ಕಿ ನೋಡಿದರು. "ಹಸಿರು... ಹಸಿರಲ್ಲೇನು?"

ಅದು ಬಿಳಿಯ ದುಪಟ್ಟಾ.

"ಯಾವಾಗಿಂದ?" ಎಂದರು ಖತೀಜಾಬೀ.

"ಧಾತ್ರಿ ಹುಟ್ಟೋಕಿಂತ ಮೊದ್ಲಿಂದ. ಎಡಗಣ್ಣು ಪೂರಾ ಹೋಗೈತೆ. ಬಲಗಣ್ಣಾಗೆ ಒಂದೀಟು ನೆರಳು ಕಾಣ್ತೈತೆ. ಕಣ್ಣಿನ ಕ್ಯಾಂಪಿನಾಗೆ ತೋರಿಸಿದ್ದೆ. ಒಳಗಿನ ನರ ಒಣಗೈತಂತೆ, ಆಪರೇಷನ್ನಿಗೂ ಬರಲ್ಲ ಅಂದ್ರು."

"ನಮಗೆ ಯಾಕ ಹೇಳ್ಲಿಲ್ಲ ಅತ್ತೆ?"

"ಹೇಳಿದ್ರೆ ಯಾರವ್ವ ಗಂಟು ಕೊಡ್ತಿದ್ರು ನಂಗೆ?"

ನನಗೆ ಮರುಕಕ್ಕಿಂತ ಮೊದಲು ಬಂದದ್ದು ಭಯ. ಮಗುವನ್ನು ಇವರ ಕೈಗೆ ಕೊಟ್ಟು ನಾನು ಎಷ್ಟು ಸಲ ಸಂತೆಗೆ ಹೋಗಿದ್ದೆ, ಒಲೆಯ ಮೇಲೆ ಹಾಲಿಟ್ಟು ಎಷ್ಟು ಸಲ ಸ್ನಾನಕ್ಕೆ ಹೋಗಿದ್ದೆ. ಖತೀಜಾಬೀ ಸೀರೆಗೆ ಬಿದ್ದ ಹೊಲಿಗೆಯನ್ನಷ್ಟೇ ಒಂದೊಂದಾಗಿ ಬಿಡಿಸಿದರು, ಗಂಟಿನದನ್ನು ಹಾಗೇ ಬಿಟ್ಟರು. "ಇಷ್ಟು ಸಾಕು ಅಕ್ಕ. ಇಲ್ಲಿಂದ ಮುಂದಕ್ಕೆ ನಾನು ಹೊಲಿತೀನಿ" ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ಖಾಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಮನೆಯಲ್ಲಿ ಇನ್ನೊಂದು ಗಂಟೂ ಉಳಿದಿರಲಿಲ್ಲ. ನೆಲ ಒರೆಸಿದೆ, ಅಟ್ಟ ಒರೆಸಿದೆ, ಧಾತ್ರಿಯನ್ನು ಕರೆತಂದು ಅದೇ ಮೂಲೆಯಲ್ಲಿ ಕೂರಿಸಿದೆ. ಸಂಜೆಯಾಗುತ್ತಲೇ ಸೀಟಿ ಶುರುವಾಯಿತು. ಅತ್ತೆ ಗೋಡೆಗೆ ಒರಗಿ ಕಿವಿಗೊಟ್ಟು ಕೇಳುತ್ತಿದ್ದರು.

"ನಿಲ್ಲಲಿಲ್ಲಲ್ಲ?"

"ಟೈಮ್ ಬೇಕಂತೆ ಅತ್ತೆ. ಡಾಕ್ಟ್ರು ಹೇಳ್ಯಾರೆ." ಡಾಕ್ಟರು ಹಾಗೆ ಹೇಳಿರಲಿಲ್ಲ.

"ಗಂಟು ಎಲ್ಲಾ ಹೋದ್ವು. ಇನ್ನು ಈ ಮನೆಯಾಗೆ ಹಳೇದು ಅಂದ್ರೆ ನಾನೊಬ್ಬಾಕಿ."

ಅವರು ಮಗುವಿಗಾಗಿ ಕೈ ಚಾಚಿದರು. ನಾನು ಯೋಚಿಸದೆ ಮಗುವನ್ನು ಹಿಂದಕ್ಕೆ ಎಳೆದುಕೊಂಡೆ. ಎಳೆದದ್ದು ಅವರಿಗೆ ಕಾಣದಿದ್ದರೂ ತಿಳಿಯಿತು.

"ಸೀರೆ ಅತ್ತೆ... ಗಂಟಿನ ದೂಳೈತೆ."

ಅತ್ತೆ ಸೆರಗನ್ನು ಮೂಸಿ ನೋಡಿದರು. ಅವರಿಗಿದ್ದದ್ದೆಲ್ಲ ಟ್ರಂಕಿನಲ್ಲಿಟ್ಟ ಹಳೆಯ ಕಾಟನ್ ಸೀರೆಗಳೇ. "ನಿನ್ನ ನೈಟಿ ಒಂದು ಕೊಡವ್ವ" ಎಂದರು.

ಜನ್ಮದಲ್ಲಿ ನೈಟಿ ಹಾಕಿದವರಲ್ಲ. ಮೈ ತೊಳೆದುಕೊಂಡು, ನನ್ನ ಹಳದಿ ಹೂವಿನ ನೈಟಿ ಹಾಕಿಕೊಂಡು, ಗೋಡೆ ಸವರುತ್ತ ಹೊರಗೆ ಬಂದರು. ಗುಂಡಿ ಒಂದಕ್ಕೊಂದು ತಪ್ಪಿತ್ತು. ನಾನು ಬಿಚ್ಚಿ ಸರಿಯಾಗಿ ಹಾಕಿದೆ. ಅವರು ಗಲ್ಲ ಮೇಲೆತ್ತಿ ಮಕ್ಕಳ ಹಾಗೆ ನಿಂತುಕೊಂಡರು. ಆಮೇಲೆ ಮಗುವನ್ನು ಅವರ ಹೆಗಲಿಗೆ ಹಾಕಿದೆ. ನೆಟ್ಟಗೆ ಹಿಡಿದರೆ ಅವಳಿಗೆ ಉಸಿರು ಒಂದಿಷ್ಟು ಹಗುರ. ಅತ್ತೆ ಹೆಜ್ಜೆ ಕೀಳದೆ ನಿಂತಲ್ಲೇ ತೂಗತೊಡಗಿದರು. ನಾನು ಮಗುವಿಗೆ ಔಷಧಿ ಉಸಿರಾಡಿಸುವ ನೆಬುಲೈಸರ್ ತೊಳೆಯಲು ಅಡುಗೆಮನೆಗೆ ಹೋದೆ. ಇಬ್ಬರೂ ಕಾಣುವ ಹಾಗೆ ಬಾಗಿಲನ್ನು ಪೂರ್ತಿ ತೆರೆದಿಟ್ಟುಕೊಂಡೆ.