ಚಂದ್ರವ್ವ ಕೊಟ್ಟ ಜವಾಬು

2022ರಲ್ಲಿ ನಾನು ಪುಣೆಯ ಕೋಥರೂಡದ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಕಿವಿ-ಮೂಗು-ಗಂಟಲು ವಿಭಾಗದಲ್ಲಿ ವಾಯ್ಸ್ ಥೆರಪಿಸ್ಟ್ ಆಗಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು. ವಾಯ್ಸ್ ಥೆರಪಿಸ್ಟ್ ಅಂದರೆ ಹಾಡು ಕಲಿಸುವವಳು ಎಂದುಕೊಂಡು ಮಕ್ಕಳನ್ನು ಕರೆತರುತ್ತಿದ್ದ ತಾಯಂದಿರು ಅನೇಕರು. ನನ್ನ ಕೆಲಸ ಅದಲ್ಲ. ದನಿ ಕೆಟ್ಟ ಶಿಕ್ಷಕಿಯರಿಗೆ, ಕೀರ್ತನಕಾರರಿಗೆ, ತರಕಾರಿ ಮಾರುವವರಿಗೆ, ಕಾಲ್ ಸೆಂಟರಿನ ಹುಡುಗರಿಗೆ ಗಂಟಲನ್ನು ಹೇಗೆ ಬಳಸಬೇಕು, ಅದಕ್ಕಿಂತ ಹೆಚ್ಚಾಗಿ ಯಾವಾಗ ಬಳಸಬಾರದು ಎಂದು ಕಲಿಸುವುದು ನನ್ನ ಕೆಲಸ. ಊರವರಿಗೆಲ್ಲ ಬಾಯಿ ಮುಚ್ಚಿಕೊಂಡಿರಿ ಎಂದು ಹೇಳಿ ಸಂಬಳ ತರುವವಳು ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ಮನೆಯಲ್ಲಿ ಆ ಉಪದೇಶ ನಡೆಯುವುದಿಲ್ಲ ಎನ್ನುವುದೂ ಅವರ ದೂರು.

ಆ ವರ್ಷದ ಮಳೆಗಾಲ ಮುಗಿಯುತ್ತಿದ್ದಾಗ ಒಬ್ಬ ಹೆಂಗಸು ನನ್ನ ಕೋಣೆಗೆ ಬಂದಳು. ಅವಳನ್ನು ಚಂದ್ರವ್ವ ಎಂದು ಕರೆಯುತ್ತೇನೆ. ಅದು ನಿಜವಾದ ಹೆಸರಲ್ಲ, ರೋಗಿಗಳ ಹೆಸರನ್ನು ನಾವು ಹೊರಗೆ ಹೇಳುವುದಿಲ್ಲ. ವಿಜಯಪುರ ಕಡೆಯವಳು, ಐವತ್ತು ದಾಟಿದ ವಯಸ್ಸು, ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ. ಜೊತೆಗೆ ಬಂದವರು ಕುಂದಾಪುರ ಕಡೆಯ ಶೆಟ್ಟರು. ಧನಕವಡಿಯಲ್ಲಿ ಅವರದೊಂದು ಹೋಟೆಲು. ಕನ್ನಡದ ಕಾರ್ಯಕ್ರಮ ಎಲ್ಲೇ ಆಗಲಿ, ಮುಂದೆ ನಿಂತು ಓಡಾಡುವವರು ಅವರೇ.

"ಮೇಡಂ, ಇವರು ಯಾರು ಅಂತ ನಿಮಗೆ ಗೊತ್ತುಂಟಲ್ಲ? ಬರುವ ತಿಂಗಳು ಇಲ್ಲೇ ಪ್ರೋಗ್ರಾಂ ಇಟ್ಟಿದ್ದೇವೆ. ಅಷ್ಟರೊಳಗೆ ಸ್ವರ ಸರಿಯಾಗ್ತದಾ?" ಎಂದು ಕೇಳಿದರು ಶೆಟ್ಟರು.

ನನಗೆ ಗೊತ್ತಿತ್ತು. ನಾನು ಧಾರವಾಡದವಳು. ಗೀಗೀ ಮೇಳದ ಚಂದ್ರವ್ವನನ್ನು ತಿಳಿಯದೆ ಇರುವುದು ಆ ದಿನಗಳಲ್ಲಿ ಕಷ್ಟವೇ ಇತ್ತು. ಆದರೆ ಅವಳು ಬಾಯಿ ತೆರೆದು "ನಮಸ್ಕಾರ್ರಿ" ಎಂದಾಗ ಹೊರಬಂದದ್ದು ಅರ್ಧ ದನಿ, ಅರ್ಧ ಗಾಳಿ.

ನಮ್ಮ ಗಂಟಲಲ್ಲಿ ಎರಡು ಧ್ವನಿತಂತುಗಳಿವೆ. ಮಾತಾಡುವಾಗ ಅವು ಸೆಕೆಂಡಿಗೆ ನೂರಾರು ಸಲ ಒಂದಕ್ಕೊಂದು ತಾಗುತ್ತವೆ. ಸ್ಟ್ರೋಬೋಸ್ಕೋಪಿ ಎಂಬ ಪರೀಕ್ಷೆಯಲ್ಲಿ ಮಿನುಗುವ ಬೆಳಕು ಹಾಯಿಸಿ, ಆ ವೇಗದ ಚಲನೆಯನ್ನು ನಿಧಾನವಾಗಿ ಕಾಣುವಂತೆ ಮಾಡುತ್ತೇವೆ. ಚಂದ್ರವ್ವನ ಎಡತಂತುವಿನ ಮೇಲೆ ಪಾಲಿಪ್ ಇತ್ತು. ಪಾಲಿಪ್ ಎಂದರೆ ಮೆತ್ತನೆಯ ಗುಳ್ಳೆ, ಕ್ಯಾನ್ಸರ್ ಅಲ್ಲ. ಅದರ ಬುಡದಲ್ಲಿ ಒಂದು ರಕ್ತನಾಳ ಉಬ್ಬಿಕೊಂಡಿತ್ತು, ಭಯವಿದ್ದದ್ದು ಅದರದ್ದೇ. ಜೋರಾಗಿ ಹಾಡಿದರೆ ಅದು ಒಡೆದು ತಂತುವಿನೊಳಗೆ ರಕ್ತ ಹರಡಬಹುದು. ಹಾಗಾದರೆ ಗಾಯದ ಕಲೆ ಉಳಿದು ತಂತು ಬಿರುಸಾಗುತ್ತದೆ. ಬಿರುಸಾದ ತಂತು ಮತ್ತೆ ಹಾಡುವುದಿಲ್ಲ.

ಸರ್ಜನ್ ಸ್ಪಷ್ಟವಾಗಿ ಹೇಳಿದರು: ಮೊದಲು ಸಂಪೂರ್ಣ ಮೌನ, ಆಮೇಲೆ ಆಪರೇಷನ್, ಆಮೇಲೆ ನನ್ನ ಬಳಿ ಕೆಲವು ತಿಂಗಳ ತರಬೇತಿ. ಹಾಗೆ ಮಾಡಿದರೆ ದನಿ ಬಹುಪಾಲು ಮರಳಿ ಬರುತ್ತಿತ್ತು. ನಾನು ಶೆಟ್ಟರಿಗೆ ಕಾರ್ಯಕ್ರಮ ರದ್ದು ಮಾಡಿ ಎಂದೆ. ಅವರು ಪಾಪ, ಒಪ್ಪಿಯೇಬಿಟ್ಟರು. ಒಪ್ಪದವಳು ಚಂದ್ರವ್ವ.

ಅವಳು ಯಾಕೆ ಒಪ್ಪಲಿಲ್ಲ ಎಂದು ತಿಳಿಯಲು ಅವಳ ಹಾಡಿನ ಕ್ರಮ ತಿಳಿಯಬೇಕು. ಗೀಗೀ ಪದದಲ್ಲಿ ಎರಡು ಪಂಗಡಗಳಿವೆ. ಹರದೇಶಿಯವರು ಶಿವ ದೊಡ್ಡವನು, ಗಂಡು ದೊಡ್ಡದು ಎಂದು ಹಾಡುತ್ತಾರೆ. ನಾಗೇಶಿಯವರು ಶಕ್ತಿ ದೊಡ್ಡವಳು, ಹೆಣ್ಣು ದೊಡ್ಡದು ಎಂದು ಹಾಡುತ್ತಾರೆ. ಒಬ್ಬರು ಹಾಡಿನಲ್ಲೇ ಸವಾಲು ಹಾಕಬೇಕು, ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಕೇಳಲು ಬಂದವರೂ ಎರಡು ಪಾಲಾಗಿ ಕೂರುತ್ತಾರೆ. ನಾಗೇಶಿಯ ಚಂದ್ರವ್ವನಿಗೆ ಎದುರಾಳಿ ಹರದೇಶಿಯ ಮಲ್ಲಪ್ಪ. ಇಬ್ಬರೂ ಹರೆಯದಿಂದ ಒಬ್ಬರ ವಿರುದ್ಧ ಒಬ್ಬರು ಹಾಡಿದವರು. ವೇದಿಕೆಯ ಮೇಲೆ ಹಾವು-ಮುಂಗುಸಿ, ಕೆಳಗೆ ಇಳಿದರೆ ಅಣ್ಣ-ತಂಗಿ. ಎದುರಾಳಿ ಚರ್ಮವಾದ್ಯವಾದ ದಪ್ಪು ಹಿಡಿದು ಬಂದು ನಿಂತಾಗ ನೀನು ಬರದಿದ್ದರೆ ಅದು ಕಾಯಿಲೆಯಲ್ಲ, ಸೋಲು. ಆ ಪದ್ಧತಿಯಲ್ಲಿ ರಜಾ ಅರ್ಜಿಗೆ ಜಾಗವಿಲ್ಲ.

ಇದರ ಮೇಲೆ ಇನ್ನೊಂದು ಜಗಳ ಸೇರಿಕೊಂಡಿತ್ತು. ಎರಡು ವರ್ಷದಿಂದ ಒಂದು ಸ್ಟುಡಿಯೋದವರು ಅವಳ ಹಳೆಯ ಪದಗಳಿಗೆ ಹೊಸ ಬೀಟು ಸೇರಿಸಿ ಮೊಬೈಲಿನಲ್ಲಿ ಬಿಟ್ಟಿದ್ದರು. ಅದರಿಂದ ಅವಳು ಪುಣೆಯಲ್ಲಿದ್ದ ದಕ್ಷಿಣ ಕರ್ನಾಟಕದ ಐಟಿ ಹುಡುಗರಿಗೂ ಅಕ್ಕನಾದಳು. ಪುಣೆಯ ಹೊರಗಿನ ಕುರಕುಂಭದ ಕೆಮಿಕಲ್ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕಡೆಯ ಮಂದಿಗೆ, ಅಂದರೆ ಅವಳನ್ನು ಮೊದಲಿಂದ ಕೇಳಿದವರಿಗೆ, ಇದನ್ನು ಸಹಿಸಲಾಗಲಿಲ್ಲ. ಒಮ್ಮೆ ಶೆಟ್ಟರ ಹೋಟೆಲಿನಲ್ಲಿ ಈ ಜಗಳವನ್ನು ನಾನೇ ಕೇಳಿದ್ದೆ.

"ಅಕ್ಕನ್ ವಾಯ್ಸ್ ಸಖತ್ತಾಗಿದೆ ಸಾರ್. ಆ ಬೀಟ್ ಇಲ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ" ಎಂದ ಒಬ್ಬ ಹುಡುಗ.

"ಅದು ಹಾಡೇನೋ ತಮ್ಮಾ? ಮಿಕ್ಸರಿನ್ಯಾಗ ಹಾಕಿ ತಿರುವ್ಯಾರ" ಎಂದರು ಪಕ್ಕದ ಮೇಜಿನ ಹಿರಿಯರೊಬ್ಬರು. "ನಿಮ್ಮಂಥವ್ರ ಸಲುವಾಗಿ ಆಕಿ ಕೆಟ್ಳು."

ಮಾತು ಬೆಳೆಯಿತು. ಶೆಟ್ಟರು ಕೌಂಟರಿನಿಂದ ನನ್ನ ಕಡೆ ನೋಡಿ, "ಎಂತ ಮಾಡುವುದು ಮಾರಾಯ್ರೆ, ಇಡ್ಲಿ ತಣ್ಣಗಾಗ್ತದೆ, ಇವರ ಜಗಳ ಬಿಸಿಯೇ ಇರ್ತದೆ" ಎಂದರು.

ಈಗ ಅವಳ ದನಿ ಕೆಟ್ಟ ಸುದ್ದಿ ಹಬ್ಬಿತು. ಮೊಬೈಲ್ ಗ್ರೂಪುಗಳಲ್ಲಿ ಒಂದು ಪಕ್ಷ "ದನಿ ಹೋಗ್ಯದ, ಇನ್ನ ಬರೇ ಮಷೀನ್" ಎಂದು ಬರೆಯಿತು. ಇನ್ನೊಂದು ಪಕ್ಷ ಅದನ್ನು ಹೊಟ್ಟೆಕಿಚ್ಚು ಎಂದಿತು. ಚಂದ್ರವ್ವ ನನ್ನ ಕೋಣೆಯಲ್ಲಿ ಮೌನವಾಗಿ ಕುಳಿತು ಅದನ್ನೆಲ್ಲ ಓದುತ್ತಿದ್ದಳು. ಬೈದವರದ್ದನ್ನು ಓದಿ ನಗುತ್ತಿದ್ದಳು. ನನಗೆ ಸಿಟ್ಟು ಬಂತು. ಇಂಥದ್ದು ಓದಿದರೆ ಮನಸ್ಸು ಬಿಗಿಯಾಗುತ್ತದೆ, ಮನಸ್ಸು ಬಿಗಿಯಾದರೆ ಗಂಟಲೂ ಬಿಗಿಯಾಗುತ್ತದೆ, ಫೋನ್ ಒಳಗಿಡು ಎಂದು ಗದರಿದೆ. ಅವಳು ಪಿಸುಗುಟ್ಟಲು ಬಾಯಿ ತೆರೆದಳು. ಪಿಸುಮಾತೂ ಗಂಟಲಿಗೆ ಒಳ್ಳೆಯದಲ್ಲ ಎಂದು ಅದಕ್ಕೂ ಗದರಿದೆ.

ಕೊನೆಗೆ ದಾರಿ ಹುಡುಕಿದವರು ಶೆಟ್ಟರು. ಕಟ್ಟಿದ ಪದಗಳು ಎಂದು ಕೆಲವಿವೆ, ಅವುಗಳ ಸವಾಲೂ ಜವಾಬೂ ಮೊದಲೇ ಗೊತ್ತು. ಅಂಥ ಜವಾಬುಗಳನ್ನು ಚಂದ್ರವ್ವ ಹಿಂದೆ ಒಳ್ಳೆಯ ದನಿಯಲ್ಲಿ ರೆಕಾರ್ಡ್ ಮಾಡಿಸಿದ್ದಳು. ಮಲ್ಲಪ್ಪ ಆ ಸವಾಲುಗಳನ್ನಷ್ಟೇ ಹಾಕಬೇಕು, ಅವಳು ದಪ್ಪು ಬಡಿಯುತ್ತ ತುಟಿ ಆಡಿಸಬೇಕು, ರೆಕಾರ್ಡು ಹಾಡಬೇಕು. ಗಂಟಲಿಗೆ ಒಂದು ಹನಿ ಕೆಲಸವಿಲ್ಲ. ನಾನು ಒಪ್ಪಿದೆ. ಸರ್ಜನರೂ ಒಪ್ಪಿದರು. ಮಲ್ಲಪ್ಪ ನನ್ನ ಕೋಣೆಗೇ ಬಂದು ಮಾತು ಕೊಟ್ಟ.

"ಆಕಿ ಗಂಟಲಾ ಉಳದ್ರ ಸಾಕ್ರಿ ಬಾಯಾರ. ನಾ ಬರೇ ಹಳೇವ ಕೇಳ್ತೀನಿ" ಎಂದ.

ಚಂದ್ರವ್ವ ಆಗಲಿ ಎಂದು ತಲೆಯಾಡಿಸಿದಳು.

ಕಾರ್ಯಕ್ರಮ ಕೋಥರೂಡದ ಒಂದು ಸಭಾಗೃಹದಲ್ಲಿ, ಭಾನುವಾರ ಸಂಜೆ. ಕುರಕುಂಭದವರು ಟೆಂಪೋ ಮಾಡಿಕೊಂಡು ಬಂದು ಎಡಗಡೆ ಕುಳಿತಿದ್ದರು. ಹುಡುಗರು ಬೈಕುಗಳಲ್ಲಿ ಬಂದು ಬಲಗಡೆ ಸೇರಿದ್ದರು. ನಾನು ಸೌಂಡ್ ನೋಡುವವನ ಪಕ್ಕದಲ್ಲಿ ಕುಳಿತೆ. ಮೊದಲ ಎರಡು ಸವಾಲು ಸಲೀಸಾಗಿ ನಡೆದವು. ರೆಕಾರ್ಡಿನ ದನಿ ತುಂಬಿ ಬಂತು, ಹಿಮ್ಮೇಳದವರು ಒಂಟಿ ತಂತಿಯ ತುಂತುಣಿ ಮೀಟುತ್ತ "ಗೀಯ ಗೀಯ" ಎಂದರು. ಬಲಗಡೆ ಶಿಳ್ಳೆಗಳು ಬಿದ್ದವು. ಎಡಗಡೆಯವರು ಕೈಕಟ್ಟಿ ಕುಳಿತರು. ಅವರಿಗೆ ಅನುಮಾನ ಬಂದಿತ್ತು.

ಮೂರನೆಯದು, ಬೀಜ ಮೊದಲೋ ನೆಲ ಮೊದಲೋ ಎಂಬ ಹಳೆಯ ಸವಾಲು. ಮಲ್ಲಪ್ಪ ಅದನ್ನು ಎತ್ತಿಕೊಂಡ. ಎಡಗಡೆಯಿಂದ ಒಬ್ಬ ಎದ್ದು ಕೂಗಿದ, "ಮಲ್ಲಪ್ಪಾ, ಇದು ನಮ್ಮ ಅಜ್ಜನ ಕಾಲದ್ದೋ! ದಮ್ಮಿದ್ರ ಹೊಸಾದು ಹಾಕೋ!"

ಆಮೇಲೆ ನಡೆದದ್ದಕ್ಕೆ ಮಲ್ಲಪ್ಪನನ್ನು ನಾನು ಎಂದೂ ಬೈದಿಲ್ಲ. ಅವನ ನಾಲಿಗೆ ಆ ಕೆಲಸಕ್ಕೇ ಪಳಗಿದ್ದು. ಸಭೆ ಕೆಣಕಿದರೆ ಸವಾಲಿಗೆ ಬಾಲ ಕಟ್ಟಬೇಕು, ಅದು ಅವನ ರಕ್ತದಲ್ಲೇ ಇತ್ತು. ಕೊಟ್ಟ ಮಾತು ಒಂದು ಕ್ಷಣ ಮರೆತುಹೋಯಿತು. ದಪ್ಪಿಗೆ ಜೋರಾಗಿ ಪೆಟ್ಟು ಹಾಕಿ, ನೆಲಕ್ಕೆ ನೀರು ಕೊಡುವುದು ಮೋಡ, ಆ ಮೋಡ ಗಂಡೋ ಹೆಣ್ಣೋ ಹೇಳು ಎಂದು ಹಾಡಿಬಿಟ್ಟ. ಹಾಡಿದ ಮರುಕ್ಷಣ ಅವನ ಮುಖ ಬಿಳಿಚಿಕೊಂಡಿತು.

ರೆಕಾರ್ಡಿಗೆ ಇದೇನು ಗೊತ್ತು? ಅದು ತನ್ನ ಪಾಡಿಗೆ ಬೀಜದ ಕಥೆ ಹಾಡತೊಡಗಿತು. ಸಭೆಗೆ ಎಲ್ಲ ತಿಳಿದುಹೋಯಿತು. ಎಡಗಡೆ "ಟೇಪು! ಟೇಪು!" ಎಂಬ ಕೂಗೆದ್ದಿತು. ಬಲಗಡೆಯವರು "ಸುಮ್ನೆ ಕೂತ್ಕೊಳ್ರಿ" ಎಂದು ಎದ್ದು ನಿಂತರು. ಕುರ್ಚಿಗಳು ಸರಿದವು. ಶೆಟ್ಟರು ಮಧ್ಯದ ದಾರಿಯಲ್ಲಿ ಕೈಮುಗಿದು ಓಡಾಡಿದರು.

ಚಂದ್ರವ್ವ ಸೌಂಡಿನವನ ಕಡೆ ಕೈ ಎತ್ತಿ, ನಿಲ್ಲಿಸು ಎಂದು ಸನ್ನೆ ಮಾಡಿದಳು. ಅವನು ನನ್ನ ಮುಖ ನೋಡಿದ. ನಾನು ಬೇಡ ಎಂದು ತಲೆಯಾಡಿಸಿದೆ. ವೇದಿಕೆಯಿಂದ ಅವಳೂ ನನ್ನನ್ನು ನೋಡಿದಳು, ಮತ್ತೆ ಕೈ ಎತ್ತಿದಳು. ಅವನು ನಿಲ್ಲಿಸಿದ. ಅವಳು ಮೈಕಿನ ಹತ್ತಿರ ಬಂದು ತನ್ನ ದನಿಯಲ್ಲಿ ಹಾಡಿದಳು:

ಒಡಲಾಗ ನೀರ ಹೊತ್ತು ತಿರಗೂವ ಮೋಡ
ಗಂಡಾಗೂದ್ಹ್ಯಾಂಗ ಹೇಳೊ ಮಲ್ಲಣ್ಣ
ಬಸಿರಾದ ಗಂಡಸರ ಕಂಡೀಯೇನ?

ಸಭೆ ಒಂದೇ ಸಲ ಎದ್ದಿತು. ಎಡಗಡೆಯ ಹಿರಿಯರು ರುಮಾಲು ಎಸೆದರು. ಬಲಗಡೆಯ ಹುಡುಗರು ಕಿರುಚಿದರು. ಮಲ್ಲಪ್ಪ ನಿಂತಲ್ಲೇ ಕೈಮುಗಿದ, ಅಳುತ್ತಿದ್ದ. ಆ ಗದ್ದಲದಲ್ಲಿ ಮೂರನೆಯ ಸಾಲಿನ ಕೊನೆಯಲ್ಲಿ ಅವಳ ದನಿ ತಟ್ಟನೆ ಕೆಳಗಿಳಿದು ಬರೀ ಗಾಳಿಯಾದದ್ದನ್ನು ನಾನು ಕೇಳಿದೆ. ಬೇರೆ ಯಾರೂ ಕೇಳಿರಲಿಕ್ಕಿಲ್ಲ. ಹಿಮ್ಮೇಳದವರು ಅವಳು ಮುಂದಿನ ಸಾಲು ಎತ್ತುತ್ತಾಳೆಂದು "ಗೀಯ ಗೀಯ" ಎನ್ನುತ್ತಲೇ ಇದ್ದರು. ಅವಳು ಎತ್ತಲಿಲ್ಲ.

ಮರುದಿನ ಪರೀಕ್ಷೆಯಲ್ಲಿ ಎಡತಂತು ಪೂರ್ತಿ ಕೆಂಪಾಗಿತ್ತು. ರಕ್ತನಾಳ ಒಡೆದಿತ್ತು. ರಕ್ತ ಇಂಗಿದ ಮೇಲೆ ಆಪರೇಷನ್ ಆಯಿತು, ಸರ್ಜನ್ ತಮ್ಮ ಕೈಲಾದದ್ದೆಲ್ಲ ಮಾಡಿದರು. ಆದರೂ ಕಲೆ ಉಳಿಯಿತು. ಮುಂದಿನ ಮಳೆಗಾಲದವರೆಗೂ ಅವಳು ನನ್ನಲ್ಲಿಗೆ ಬಂದಳು. ಮಲ್ಲಪ್ಪ ಪ್ರತಿ ಸಲ ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ. ಮಾತಾಡುವಷ್ಟು ದನಿ ಬಂತು, ಒರಟಾಗಿ, ತಗ್ಗಿನಲ್ಲಿ. ಹಾಡುವ ದನಿ ಬರಲಿಲ್ಲ. ಇನ್ನು ಬರುವುದಿಲ್ಲ ಎಂದು ಅವಳಿಗೆ ಹೇಳಿದವಳು ನಾನೇ. ನನ್ನ ಕೆಲಸದಲ್ಲಿ ಅಷ್ಟು ಕಷ್ಟದ ಮಾತನ್ನು ನಾನು ಬೇರೆ ಯಾರಿಗೂ ಹೇಳಿಲ್ಲ.

ಅಷ್ಟರಲ್ಲಿ ಆ ಮೂರು ಸಾಲಿನ ವಿಡಿಯೋ ಎಲ್ಲ ಕಡೆ ಹರಿದಾಡಿತ್ತು. ಕುರಕುಂಭದವರೂ ಐಟಿ ಹುಡುಗರೂ ಸೇರಿ ಧನಕವಡಿಯಲ್ಲಿ ಅವಳಿಗೆ ಸನ್ಮಾನ ಮಾಡಿದರು. ಶಾಲು, ಹಾರ, ದೊಡ್ಡ ಫೋಟೋ. ಮಷೀನ್ ಎಂದವರೂ ಹೊಟ್ಟೆಕಿಚ್ಚು ಎಂದವರೂ ಒಂದೇ ವೇದಿಕೆಯಲ್ಲಿ ನಿಂತು, ಇಂಥವಳು ಮತ್ತೆ ಹುಟ್ಟುವುದಿಲ್ಲ ಎಂದರು.

ಸನ್ಮಾನದ ಮುಂದಿನ ವಾರ ಅವಳು ಬಂದಾಗ, ಅವಳಿಗೆ ಸಮಾಧಾನವಾಗಲಿ ಎಂದು ನಾನೇ ಮಾತು ತೆಗೆದೆ. "ಅಂತೂ ಆ ಜಗಳ ಮುಗೀತಲ್ಲವಾ ಚಂದ್ರವ್ವಾ. ಈಗ ಎಲ್ಲಾರೂ ಒಂದಾಗ್ಯಾರ. ಯಾರೂ ನಿನಗ ಕೆಟ್ಟ ಮಾತು ಆಡಂಗಿಲ್ಲ."

ಅವಳು ಆ ಒರಟು ದನಿಯಲ್ಲಿ, ತಡೆತಡೆದು ಹೇಳಿದಳು:

"ಬಾಯಾರ, ನಾ ಹಾಡಾಕತ್ತಾಗಿಂದ ಅರ್ಧ ಮಂದಿ ನಾ ಗೆಲ್ಲಲಿ ಅಂತಿದ್ರು, ಅರ್ಧ ಮಂದಿ ಸೋಲಲಿ ಅಂತಿದ್ರು. ಸೋಲಲಿ ಅನ್ನೋರ ಸಲುವಾಗೇ ನಾ ಹಾಡ್ತಿದ್ದೆ ರೀ. ಆವತ್ತೂ ಅವರ ಸಲುವಾಗೇ ಹಾಡಿದ್ದು. ಈಗ ಎಲ್ಲಾರೂ ಭಾಳ ಚಲೋ ಅಂತಾರ. ಸತ್ತವರಿಗೆ ಅಷ್ಟ ರೀ ಎಲ್ಲಾರೂ ಚಲೋ ಅನ್ನೂದು."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಮತ್ತೆ ಬರಲಿಲ್ಲ. ಮಲ್ಲಪ್ಪನೂ ಹಾಡುವುದನ್ನು ಬಿಟ್ಟನೆಂದು ಶೆಟ್ಟರಿಂದ ತಿಳಿಯಿತು. ಮೇಳದವರು ಬೇರೆ ನಾಗೇಶಿಯವಳನ್ನು ತಂದು ನಿಲ್ಲಿಸಿದ್ದರಂತೆ. ಅವನು ಒಂದು ಸವಾಲು ಹಾಕಿ, ಜವಾಬಿಗೆ ಕಾಯದೆ ಕೆಳಗಿಳಿದನಂತೆ.

ಅಂಥದೇ ಗಂಟಲು ಇಂದು ನನ್ನ ಎದುರು ಬಂದರೆ ಇವತ್ತೂ ಅದೇ ಮೌನವನ್ನೇ ಹೇಳುತ್ತೇನೆ. ವೈದ್ಯಶಾಸ್ತ್ರದಲ್ಲಿ ಅದಕ್ಕೆ ಬೇರೆ ಮಾತಿಲ್ಲ. ಆದರೆ ನಿವೃತ್ತಿಗೆ ಉಳಿದ ದಿನಗಳಲ್ಲಿ ಹೊಸ ರೋಗಿ ಬಂದಾಗ, ದಿನಕ್ಕೆ ಎಷ್ಟು ಮಾತಾಡುತ್ತೀರಿ ಎಂದು ಕೇಳಿದ ಮೇಲೆ, ಯಾರಿಗೆ ಉತ್ತರ ಕೊಡಬೇಕಾಗಿದೆ ಎಂದೂ ಕೇಳತೊಡಗಿದೆ. ಕೆಲವರು ನಕ್ಕರು, ಕೆಲವರು ಅತ್ತರು. ದನಿ ಎರಡು ತಂತುಗಳಿಂದ ಹುಟ್ಟುತ್ತದೆ ಎಂದು ನಾನು ಕೆಲಸದುದ್ದಕ್ಕೂ ಹೇಳಿಕೊಂಡು ಬಂದಿದ್ದೆ. ದನಿ ಹುಟ್ಟಲು ಎದುರಿಗೆ ಒಪ್ಪದವನೊಬ್ಬನೂ ಇರಬೇಕು ಎಂದು ಚಂದ್ರವ್ವ ಕಲಿಸಿದಳು. ಅವನು ಎದ್ದು ಹೋದ ಮೇಲೆ ಉಳಿಯುವ ಮೌನಕ್ಕೆ ನಮ್ಮ ವಿಭಾಗದಲ್ಲಿ ಯಾವ ವ್ಯಾಯಾಮವೂ ಇಲ್ಲ.